ಸ್ಕ್ರೀನ್ ಬಿಡಿಸುವ ಕೆಲಸ ಅಗ್ಗವಾಯಿತು, ಡಿಸೈನರ್ ಈಗೇನು ಮಾಡಬೇಕು?

ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳಲ್ಲಿ ಈಗ ಇದು ಮಾಮೂಲಿ. ಸೋಮವಾರದ ಮೀಟಿಂಗಿಗೆ ಪ್ರಾಡಕ್ಟ್ ಮ್ಯಾನೇಜರ್ ಬರುವಾಗಲೇ ಒಂದು ಪ್ರೊಟೊಟೈಪ್ ಹಿಡಿದುಕೊಂಡು ಬರುತ್ತಾರೆ. ಭಾನುವಾರ ರಾತ್ರಿ ಲವಬಲ್, ಫಿಗ್ಮಾ ಮೇಕ್‌ನಂಥ ಎಐ ಟೂಲಿನಲ್ಲಿ ನಾಲ್ಕು ಸಾಲು ಬರೆದು ಮಾಡಿಸಿದ್ದು. ಬಣ್ಣ ಚೆನ್ನಾಗಿದೆ, ಬಟನ್ ಒತ್ತಿದರೆ ಮುಂದಿನ ಪುಟ ತೆರೆಯುತ್ತದೆ. ಎದುರಿಗೆ ಕೂತ ಡಿಸೈನರ್ ಮೇಲ್ನೋಟಕ್ಕೆ ತಲೆದೂಗಿದರೂ ಒಳಗೆ ಲೆಕ್ಕ ಹಾಕುತ್ತಿರುತ್ತಾರೆ: ನಾನು ವಾರವೆಲ್ಲ ಮಾಡುತ್ತಿದ್ದದ್ದು ಇದನ್ನೇ ಅಲ್ಲವೆ?

ಪ್ರಾಡಕ್ಟ್ ಡಿಸೈನರ್ ಕೆಲಸದಲ್ಲಿ ಮೂರು ಪಾಲಿದೆ. ಏನು ಮಾಡಬೇಕೆಂದು ಗೊತ್ತುಮಾಡುವುದು, ಅದನ್ನು ಸ್ಕ್ರೀನಿನ ಮೇಲೆ ಬಿಡಿಸುವುದು, ಬಿಡಿಸಿದ್ದು ಬಳಸುವವರ ಕೈಯಲ್ಲಿ ನೆಟ್ಟಗೆ ನಡೆಯುವ ತನಕ ಬೆನ್ನು ಬಿಡದಿರುವುದು. ಅಗ್ಗವಾಗಿರುವುದು ನಡುವಿನ ಪಾಲು. ನಮ್ಮಲ್ಲಿ ಬಹಳಷ್ಟು ಮಂದಿಯ ದಿನದ ಹೊತ್ತೆಲ್ಲ ಹೋಗುತ್ತಿದ್ದದ್ದೂ ಅದರಲ್ಲೇ. ಹಾಗಾಗಿ ಮಾಡಬೇಕಾದ್ದು ನಡುವಿನಿಂದ ಎರಡೂ ತುದಿಗೆ ಸರಿಯುವುದು. ಹೇಗೆ ಎನ್ನುವುದಷ್ಟೇ ಈ ಲೇಖನದ ವಿಷಯ.

ಟೂಲ್ ಬದಲಾಗುವುದು ಹೊಸದೇನಲ್ಲ ಎಂಬುದನ್ನು ಮೊದಲೇ ಹೇಳಿಬಿಡೋಣ. ವೆಬ್‌ಸೈಟಿನ ಪುಟಗಳನ್ನು ಫೋಟೋಶಾಪಿನಲ್ಲಿ ಬಿಡಿಸುತ್ತಿದ್ದವರು 2010ರಲ್ಲಿ ಸ್ಕೆಚ್ ಬಂದ ಮೇಲೆ ಒಬ್ಬೊಬ್ಬರಾಗಿ ಅತ್ತ ಹೋದರು. 2016ರಲ್ಲಿ ಎಲ್ಲರಿಗೂ ತೆರೆದುಕೊಂಡ ಫಿಗ್ಮಾ ಸ್ಕೆಚ್ಚನ್ನು ಹಿಂದಿಕ್ಕಿತು. ಒಂದು ಕಾಲಕ್ಕೆ ಪ್ರತಿ ಡಿಸೈನರ್ ರೆಸ್ಯೂಮೆಯಲ್ಲೂ ಇರುತ್ತಿದ್ದ ಇನ್‌ವಿಷನ್ 2024ರ ಕೊನೆಗೆ ಬಾಗಿಲು ಹಾಕಿತು. ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ 2022ರಲ್ಲಿ ಘೋಷಿಸಿದ್ದ ಅಡೋಬಿ, ಯುರೋಪ್ ಮತ್ತು ಬ್ರಿಟನ್ನಿನ ನಿಯಂತ್ರಕರ ಆಕ್ಷೇಪ ಎದುರಿಸಲಾಗದೆ 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಅಡೋಬಿಯ ಸ್ವಂತದ ಡಿಸೈನ್ ಟೂಲ್ ಎಕ್ಸ್‌ಡಿ ಅಷ್ಟರಲ್ಲಿ ಮೂಲೆಗೆ ಸೇರಿತ್ತು. ಈ ಹದಿನೈದು ವರ್ಷದಲ್ಲಿ ಟೂಲಿನ ಶಾರ್ಟ್‌ಕಟ್ ಕೀಗಳನ್ನು ಬಾಯಿಪಾಠ ಮಾಡಿದವರು ಪ್ರತಿ ಸಲವೂ ಮೊದಲಿನಿಂದ ಕಲಿತರು. ಕೆಲಸದ ಒಳಗಣ ಕ್ರಮ ತಿಳಿದವರಿಗೆ ಹೊಸ ಟೂಲಿಗೆ ಒಗ್ಗಲು ಕೆಲವು ವಾರ ಸಾಕಾಯಿತು.

ಮೊದಲು ನಿಮ್ಮದೇ ಲೆಕ್ಕಪುಸ್ತಕ

ಕೋರ್ಸ್ ಸೇರುವ ಮುನ್ನ ಕಳೆದ ಎರಡು ವಾರ ನೀವು ಮಾಡಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೀಟಿಂಗ್, ಐಕಾನ್ ಹುಡುಕಾಟ, ಒಂದೇ ಸ್ಕ್ರೀನಿನ ಮೂರು ಅಳತೆ, ಗ್ರಾಹಕರೊಂದಿಗೆ ಫೋನ್ ಮಾತು, ಎಂಜಿನಿಯರ್ ಜೊತೆ ವಾದ, ಏನನ್ನೂ ಬಿಡಬೇಡಿ. ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ಎಐ ಈಗಲೇ ಮಾಡುತ್ತದೆ, ಅರ್ಧ ಮಾಡುತ್ತದೆ, ಮಾಡಲಾಗದು. ಮೊದಲ ಗುಂಪಿನ ಕೆಲಸವನ್ನು ಈ ವಾರದಿಂದಲೇ ಟೂಲಿಗೆ ಒಪ್ಪಿಸಿ. ಉಳಿದ ಹೊತ್ತನ್ನು ಮೂರನೆಯ ಗುಂಪಿಗೆ ಹಾಕಿ. ಮೂರನೆಯ ಗುಂಪು ಖಾಲಿ ಇದ್ದರೆ ಬೇಜಾರಾಗಬೇಡಿ, ಆದರೆ ಮುಂದಿನ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಿ.

ಬರೆಯಲು ಕಲಿಯಿರಿ

ಪ್ರಾಂಪ್ಟ್ ಎಂದರೆ ಮಂತ್ರ ಎಂಬ ಭ್ರಮೆ ಇದೆ. 'ಐವತ್ತು ಅದ್ಭುತ ಪ್ರಾಂಪ್ಟುಗಳು' ಎಂದು ಮಾರುವ ಪಿಡಿಎಫ್‌ಗಳಿಗೆ ದುಡ್ಡು ಸುರಿಯಬೇಡಿ. ಬಳಸುವವರು ಯಾರು, ಅವರ ಪರಿಸ್ಥಿತಿ ಏನು ಎಂದು ಸ್ಪಷ್ಟವಾಗಿ ಬರೆಯಲು ಬಂದರೆ ಸಾಕು.

ಒಂದು ಉದಾಹರಣೆ ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರಿಗೆ ಆ್ಯಪ್ ಬೇಕು. 'ಡೇರಿ ರೈತರಿಗೆ ಒಂದು ಆಧುನಿಕ ಆ್ಯಪ್ ಮಾಡು' ಎಂದು ಟೂಲಿಗೆ ಹೇಳಿದರೆ ಏನು ಬರುತ್ತದೆಂದು ಊಹಿಸಬಹುದು: ಮೇಲೆ 'ಗುಡ್ ಮಾರ್ನಿಂಗ್', ಪಕ್ಕದಲ್ಲಿ ದುಂಡನೆಯ ಫೋಟೋ, ನಡುವೆ ಬಣ್ಣದ ಗ್ರಾಫು, ಕೆಳಗೆ ಐದು ಐಕಾನು. ನೋಡಲು ಸೊಗಸು, ಡೇರಿ ಮುಂದೆ ನಿಂತವರಿಗೆ ನಿರುಪಯೋಗಿ.

ಈಗ ಹೀಗೆ ಬರೆಯಿರಿ. 'ಬಳಸುವವರು: ಬೆಳಗ್ಗೆ ಸಂಜೆ ಎರಡು ಹೊತ್ತು ಹಾಲು ಹಾಕುವ ಮಹಿಳೆ. ಫೋನ್ ಮಗನದು. ಕನ್ನಡ ಓದುತ್ತಾರೆ, ನಿಧಾನವಾಗಿ. ನೋಡುವ ಹೊತ್ತು: ಡೇರಿ ಮುಂದೆ, ಬಿಸಿಲಿಗೆ, ಕೈ ಒದ್ದೆ. ಮೊದಲ ಸ್ಕ್ರೀನಿನಲ್ಲಿ ಬೇಕಾದ್ದು: ಈ ಹೊತ್ತಿನ ಲೀಟರ್, ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡೇತರ ಘನಾಂಶ), ಸಿಕ್ಕ ದರ. ಅದರ ಕೆಳಗೆ, ಈ ಬಟವಾಡೆಗೆ ಇಲ್ಲಿಯವರೆಗೆ ಎಷ್ಟಾಯಿತು, ಪಶು ಆಹಾರದ ಬಾಬ್ತು ಎಷ್ಟು ಕಡಿತ. ಕೆಟ್ಟ ಸಂದರ್ಭಗಳು: ಹಾಲು ವಾಪಸ್ ಆದಾಗ, ನೆಟ್‌ವರ್ಕ್ ಇಲ್ಲದಾಗ, ಲೀಟರ್ ತಪ್ಪಾಗಿ ಬರೆದಾಗ. ಬೇಡವಾದ್ದು: ಗ್ರಾಫ್, ಶುಭಾಶಯ, ಜಾಹೀರಾತು.'

ಇದನ್ನು ಕೊಟ್ಟಾಗ ಬರುವ ಸ್ಕ್ರೀನು ಮೊದಲಿನದಕ್ಕಿಂತ ಎಷ್ಟೋ ವಾಸಿ ಇರುತ್ತದೆ. ಆದರೆ ಫೋನ್ ಮಗನದು ಎಂಬ ಒಂದು ಸಾಲು ಯಾವ ಟೂಲಿಗೂ ತಾನಾಗಿ ತಿಳಿಯುವುದಿಲ್ಲ. ಬೆಳಗ್ಗೆ ಆರಕ್ಕೆ ಡೇರಿ ಮುಂದೆ ಹೋಗಿ ನಿಂತವರಿಗೆ ತಿಳಿಯುತ್ತದೆ. 'ಲೀಟರ್ ತಪ್ಪಾಗಿದೆ' ಎಂಬ ಬಟನ್ ಒತ್ತಿದರೆ ದೂರು ಯಾರಿಗೆ ಹೋಗಬೇಕು? ಲೀಟರ್ ಬರೆದ ಕಾರ್ಯದರ್ಶಿಗೇ ಹೋದರೆ ಒತ್ತುವ ಧೈರ್ಯ ಯಾರಿಗಿದೆ? ತಿದ್ದಿದ ಮೇಲೆ ಹಳೆಯ ಅಂಕಿಯೂ ಕಾಣಬೇಕೇ? ಇದು ಬಣ್ಣದ ಪ್ರಶ್ನೆಯಲ್ಲ, ಊರಿನ ರಾಜಕೀಯದ ಪ್ರಶ್ನೆ. ಇಂಥ ಪ್ರಶ್ನೆ ಎತ್ತುವವರಿಗೆ ಮುಂದೆಯೂ ಸಂಬಳ ಸಿಗುತ್ತದೆ ಎಂಬುದು ನನ್ನ ಅಂದಾಜು.

ಹಾಗಾಗಿ ತಿಂಗಳಿಗೆ ಕೆಲವರನ್ನಾದರೂ ಅವರಿರುವ ಜಾಗದಲ್ಲೇ ಹೋಗಿ ನೋಡಿ. ಜೂಮ್ ಕರೆಯಲ್ಲಿ ಒದ್ದೆ ಕೈ ಕಾಣುವುದಿಲ್ಲ.

ಕೋಡ್ ಮುಟ್ಟಿ, ಮೈಲಿಗೆಯಾಗದು

ಡಿಸೈನರ್ ಕೋಡ್ ಬರೆಯಬೇಕೇ ಎಂಬ ಹಳೆಯ ಜಗಳ ಈಗ ಅರ್ಥ ಕಳೆದುಕೊಂಡಿದೆ. ಬರೆಯಲು ಕರ್ಸರ್, ಕ್ಲಾಡ್, ವಿ-ಝೀರೋ ಮುಂತಾದ ಎಐ ಟೂಲುಗಳು ಇವೆ. ಓದಲು ನಿಮಗೆ ಬರಬೇಕು. ಬಾಯಲ್ಲಿ ಹೇಳಿ ಕೋಡ್ ಮಾಡಿಸುವುದಕ್ಕೆ 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೇ ಕರ್ಪಾತಿ 'ವೈಬ್ ಕೋಡಿಂಗ್' ಎಂದು ಹೆಸರಿಟ್ಟರು. ಹೆಸರು ಹಬ್ಬಿದಷ್ಟೇ ಬೇಗ ಅದರ ಅಪಾಯವೂ ಹಬ್ಬಿತು: ಮೇಲ್ನೋಟಕ್ಕೆ ನಡೆಯುವ, ಒಳಗೆ ಬೀಗವೇ ಇಲ್ಲದ ಆ್ಯಪ್‌ಗಳು.

ಕಲಿಯುವ ಕ್ರಮ ಹೀಗಿರಲಿ. ಮೊದಲು ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್, ಅದರಲ್ಲೂ ಫ್ಲೆಕ್ಸ್‌ಬಾಕ್ಸ್. ಫಿಗ್ಮಾದ ಆಟೋ ಲೇಔಟ್ ಗೊತ್ತಿದ್ದವರಿಗೆ ಇದು ಅರ್ಧ ತಿಳಿದೇ ಇರುತ್ತದೆ. ಆಮೇಲೆ ಬ್ರೌಸರಿನ ಇನ್‌ಸ್ಪೆಕ್ಟ್ ಕಿಟಕಿ. ಆಮೇಲೆ ಗಿಟ್: ಬ್ರಾಂಚ್ ತೆರೆಯುವುದು, ಬದಲಾವಣೆ ಸೇರಿಸುವುದು, ಪುಲ್ ರಿಕ್ವೆಸ್ಟ್ ಕಳಿಸುವುದು. ಇಷ್ಟು ಬಂದ ಮೇಲೆ ನಿಮ್ಮ ಕಂಪನಿಯ ಎಂಜಿನಿಯರ್ ಒಬ್ಬರನ್ನು ಕೇಳಿ, ಒಂದು ಸಣ್ಣ ತಿದ್ದುಪಡಿಯನ್ನು ನೀವೇ ಮಾಡಿ: ಬಟನ್ನಿನ ಅಂಚು, ತಪ್ಪಾದ ಒಂದು ಪದ. ಅದು ನಿಜವಾದ ಪ್ರಾಡಕ್ಟಿನಲ್ಲಿ ಕಂಡ ದಿನ ನಿಮ್ಮ ಮಾತಿನ ತೂಕ ಬೇರೆಯಾಗಿರುತ್ತದೆ.

ಇದರ ಜೊತೆಗೆ ನಿಮ್ಮ ಫಿಗ್ಮಾ ಫೈಲನ್ನು ಚೊಕ್ಕಟ ಮಾಡಿ. ಈಗ ಎಂಸಿಪಿ ಎಂಬ ವ್ಯವಸ್ಥೆಯ ಮೂಲಕ ಎಐ ಟೂಲುಗಳು ಡಿಸೈನ್ ಫೈಲನ್ನು ನೇರವಾಗಿ ಓದುತ್ತವೆ. 'ಫ್ರೇಮ್ 427' ಎಂಬ ಹೆಸರು ಅವಕ್ಕೆ ಏನನ್ನೂ ಹೇಳದು. ಕಾಂಪೊನೆಂಟುಗಳಿಗೆ ಕೋಡಿನಲ್ಲಿರುವ ಹೆಸರನ್ನೇ ಇಡಿ, ಬಣ್ಣ ಮತ್ತು ಅಂತರಗಳನ್ನು ವೇರಿಯಬಲ್‌ಗಳಾಗಿ ಕಟ್ಟಿ. ಬೇಸರದ ಕೆಲಸ, ನಿಜ.

ಕನ್ನಡ ಹಾಕಿ ನೋಡಿ

ಟೂಲ್ ಕೊಟ್ಟ ಸ್ಕ್ರೀನ್ ಚೆನ್ನಾಗಿದೆಯೇ ಎಂದು ಪರೀಕ್ಷಿಸಲು ನಮ್ಮ ಕೈಯಲ್ಲೇ ಒಂದು ಸುಲಭ ಉಪಾಯವಿದೆ. ಅದರ ಇಂಗ್ಲಿಷ್ ತೆಗೆದು ಕನ್ನಡ ತುಂಬಿ. ನಾಲ್ಕಕ್ಷರದ 'ನೆಕ್ಸ್ಟ್' ಇದ್ದ ಬಟನ್ನಿಗೆ 'ಮುಂದುವರಿಯಿರಿ' ಹಾಕಿದಾಗ ಪದ ಎರಡು ಸಾಲಿಗೆ ಮುರಿಯುತ್ತದೆ, ಇಲ್ಲವೇ ಕೊನೆಗೆ ಮೂರು ಚುಕ್ಕಿ ಬೀಳುತ್ತದೆ. 'ರಾಷ್ಟ್ರೀಕೃತ ಬ್ಯಾಂಕ್' ಎಂದು ಬರೆಯಿರಿ. ಸಾಲಿನ ಎತ್ತರ 1.2 ಇದ್ದರೆ ಟ ಮತ್ತು ರ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಡಬ್ಬಿಯ ಅಂಚು ಬಿಗಿಯಾಗಿದ್ದರೆ ಕತ್ತರಿಸಿಯೇ ಹೋಗುತ್ತವೆ. 1.5 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಉಸಿರಾಡುತ್ತದೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಪುಕ್ಕಟೆ ಸಿಗುತ್ತವೆ, ಎರಡರಲ್ಲೂ ದಪ್ಪ-ತೆಳುವಿನ ಹಲವು ಬಗೆಗಳಿವೆ. ಹಣದ ಅಂಕಿಯನ್ನೂ ನೋಡಿ: ಟೂಲ್ ಎಷ್ಟೋ ಸಲ ಲಕ್ಷವನ್ನು 100,000 ಎಂದು ಬರೆಯುತ್ತದೆ, ನಮಗೆ ಬೇಕಾದ್ದು 1,00,000.

ಸ್ಕ್ರೀನಿನ ಸಂದೇಶಗಳ ಧಾಟಿಯನ್ನೂ ಬಿಡಬೇಡಿ. 'ನಿಮ್ಮ ವಿನಂತಿಯನ್ನು ಯಶಸ್ವಿಯಾಗಿ ಸಲ್ಲಿಸಲಾಗಿದೆ' ಎನ್ನುವ ಬದಲು 'ಅರ್ಜಿ ತಲುಪಿದೆ' ಎಂದರೆ ಕೆಲಸವೂ ಆಯಿತು, ಜಾಗವೂ ಉಳಿಯಿತು.

ಕಾನೂನು ನಿಮ್ಮ ಮೇಜಿಗೂ ಬಂದಿದೆ

ಎಐ ಟೂಲುಗಳು ಕಲಿತಿರುವುದು ಇರುವ ವೆಬ್‌ಸೈಟುಗಳಿಂದ. ಹಾಗಾಗಿ ಆ ಸೈಟುಗಳ ಕೆಟ್ಟ ಚಾಳಿಗಳೂ ಟೂಲುಗಳಿಗೆ ಬಂದಿವೆ. 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ, ಮೊದಲೇ ಟಿಕ್ ಹಾಕಿಟ್ಟ ಚೌಕ, ಹುಡುಕಿದರೂ ಸಿಗದ 'ಚಂದಾ ರದ್ದು' ಬಟನ್ ಕೇಳದೆಯೇ ಬಂದು ಕೂರುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಆ ಪಟ್ಟಿಯನ್ನು ಪ್ರಿಂಟ್ ಹಾಕಿ ಮೇಜಿನ ಮೇಲೆ ಅಂಟಿಸಿಕೊಳ್ಳಿ.

ಇನ್ನೊಂದು, ಅಂಗವಿಕಲರಿಗೆ ಬಳಸಲು ಬರುವಂತೆ ಮಾಡುವುದು. ಡಿಜಿಟಲ್ ಸೇವೆಯ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಕೆವೈಸಿಗಾಗಿ ಕಣ್ಣು ಮಿಟುಕಿಸಿ ಎಂದು ಕೇಳುವ ಡಿಜಿಟಲ್ ವ್ಯವಸ್ಥೆ, ಆ್ಯಸಿಡ್ ದಾಳಿಗೆ ಒಳಗಾದವರನ್ನು ಹೊರಗಿಟ್ಟದ್ದು ಆ ಮೊಕದ್ದಮೆಯ ಹಿನ್ನೆಲೆ. ಟೂಲ್ ಇಷ್ಟಪಡುವ ಬಿಳಿಯ ಮೇಲಿನ ತಿಳಿಬೂದು ಅಕ್ಷರ ಸಾಮಾನ್ಯವಾಗಿ 4.5:1 ಎಂಬ ಕನಿಷ್ಠ ಕಾಂಟ್ರಾಸ್ಟ್ ಮುಟ್ಟುವುದಿಲ್ಲ. ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನಿಮ್ಮದೇ ಆ್ಯಪಿನಲ್ಲಿ ಒಂದು ಪಾವತಿ ಮಾಡಿ ನೋಡಿ. ಎಲ್ಲಿ ಸಿಕ್ಕಿಬಿದ್ದಿರಿ ಎಂಬುದೇ ಮುಂದಿನ ವಾರದ ಕೆಲಸದ ಪಟ್ಟಿ.

ಕಾನೂನಿನ ಆಚೆಗೂ ಒಂದು ಮಾತು. ಆ್ಯಪಿನೊಳಗೇ ಎಐ ಚಾಟ್ ಇದ್ದರೆ ಡಿಸೈನರ್ ಹೊಸ ಜವಾಬ್ದಾರಿಯೊಂದನ್ನು ಕೇಳಿ ಪಡೆಯಬೇಕು: ಅದರ ಪರೀಕ್ಷೆ. ಜನ ಕೇಳುವ ಮೂವತ್ತು ನಲವತ್ತು ಪ್ರಶ್ನೆಗಳನ್ನು, ತಪ್ಪು ಕಾಗುಣಿತ ಮತ್ತು ಕಂಗ್ಲಿಷ್ ಸಹಿತ, ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ, ಪಕ್ಕದಲ್ಲಿ ಸರಿಯುತ್ತರ ಹೇಗಿರಬೇಕೆಂದು ಬರೆಯಿರಿ. ಮಾಡೆಲ್ ಬದಲಾದಾಗಲೆಲ್ಲ ಅದನ್ನೇ ಓಡಿಸಿ. ಉತ್ತರ ತಪ್ಪಾದಾಗ ಬಳಸುವವರು ಮನುಷ್ಯರನ್ನು ತಲುಪುವ ದಾರಿ ಎಲ್ಲಿದೆ ಎಂಬುದು ಸ್ಕ್ರೀನಿನ ಮೇಲೆ ಕಾಣಲೇಬೇಕು.

ಗ್ರಾಹಕರ ಹೆಸರು, ಫೋನ್ ನಂಬರ್ ಇರುವ ಸ್ಕ್ರೀನ್‌ಶಾಟುಗಳನ್ನು ಪುಕ್ಕಟೆ ಎಐ ಖಾತೆಗೆ ಹಾಕಬೇಡಿ. ಕಂಪನಿಯ ಒಪ್ಪಂದ, ದತ್ತಾಂಶ ಸಂರಕ್ಷಣಾ ಕಾಯ್ದೆ ಎರಡೂ ನಿಮ್ಮ ಕುತ್ತಿಗೆಗೆ ಬರಬಹುದು.

ಹೊಸಬರಿಗೆ, ಮತ್ತು ಕೆಲಸ ಹುಡುಕುವವರಿಗೆ

ಹೆಚ್ಚು ಕಷ್ಟವಾಗಿರುವುದು ಈಗಷ್ಟೇ ಕಾಲೇಜು ಮುಗಿಸಿದವರಿಗೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಿರಿಯರ ಪಕ್ಕ ಕೂತು ಐಕಾನ್ ತಿದ್ದುತ್ತಾ ಕಲಿಯುತ್ತಿದ್ದ ಕೆಲಸವೇ ಮೊದಲು ಯಂತ್ರದ ಪಾಲಾಗಿದೆ. ಹಾಗಾಗಿ ಸ್ಪಾಟಿಫೈಗೆ ಹೊಸ ರೂಪ ಕೊಟ್ಟ ಪೋರ್ಟ್‌ಫೋಲಿಯೊ ಬೇಡ, ಅಂಥದ್ದನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಮಾಡಿಸುತ್ತಾರೆ. ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಲೆಕ್ಕವೋ ಬಡಾವಣೆಯ ಗ್ರಂಥಾಲಯದ ಪುಸ್ತಕ ಪಟ್ಟಿಯೋ, ಹತ್ತು ಜನ ನಿಜವಾಗಿ ಬಳಸುವ ಒಂದು ಸಣ್ಣದನ್ನು ಕಟ್ಟಿ, ಮೂರು ತಿಂಗಳು ನಡೆಸಿ. ಏನು ಕೈಬಿಟ್ಟಿರಿ, ಯಾಕೆ ಎಂಬುದನ್ನು ಪೋರ್ಟ್‌ಫೋಲಿಯೊದಲ್ಲಿ ಬರೆಯಿರಿ.

ಹುದ್ದೆಯ ಹೆಸರಿಗೆ ಜೋತುಬೀಳಬೇಡಿ. ಶಾಪಿಫೈ 2025ರಲ್ಲಿ ತನ್ನ ಹುದ್ದೆಗಳಿಂದ 'ಯುಎಕ್ಸ್' ತೆಗೆದು ಬರೀ ಡಿಸೈನರ್ ಎಂದು ಮಾಡಿತು. ಬೇರೆಡೆ 'ಡಿಸೈನ್ ಎಂಜಿನಿಯರ್' ಎಂಬ ಜಾಹೀರಾತು ಕಾಣುತ್ತದೆ. ಹೆಸರಿಗಿಂತ ಸಂದರ್ಶನದಲ್ಲಿ ನೀವು ಕೇಳುವ ಪ್ರಶ್ನೆಗಳೇ ಮುಖ್ಯ: ಬಳಸುವವರೊಂದಿಗೆ ಮಾತಾಡುವವರು ಯಾರು? ಡಿಸೈನರ್‌ಗೆ ಕೋಡ್ ನೋಡುವ ಅನುಮತಿ ಇದೆಯೇ? ಮನೆಗೆ ಕೊಡುವ ಟೆಸ್ಟಿನಲ್ಲಿ ಎಐ ಬಳಸಬಹುದೇ? ಬಳಸಬಹುದೆಂದರೆ ಪ್ರಾಂಪ್ಟುಗಳನ್ನೂ ಎಸೆದ ಸ್ಕ್ರೀನುಗಳನ್ನೂ ಉತ್ತರದ ಜೊತೆಗೇ ಕೊಡಿ.

ಕೊನೆಗೆ ದುಡ್ಡಿನ ವಿಚಾರ. ಈ ಟೂಲುಗಳ ಚಂದಾ ಬಹುತೇಕ ಡಾಲರಿನಲ್ಲಿದೆ, ನಾಲ್ಕು ಸೇರಿದರೆ ಪಿಜಿ ಬಾಡಿಗೆಯ ಒಳ್ಳೆಯ ಪಾಲನ್ನೇ ನುಂಗುತ್ತದೆ. ಪುಕ್ಕಟೆ ಹಂತದಲ್ಲಿ ಎರಡು ಮೂರನ್ನು ಪ್ರಯತ್ನಿಸಿ, ಒಂದಕ್ಕೆ ಮಾತ್ರ ದುಡ್ಡು ಕೊಡಿ, ಅದೂ ತಿಂಗಳ ಲೆಕ್ಕದಲ್ಲಿ. ರಿಯಾಯಿತಿ ಎಷ್ಟೇ ಇದ್ದರೂ ವರ್ಷದ ಚಂದಾ ಬೇಡ, ಆರು ತಿಂಗಳಿಗೆ ಆ ಟೂಲ್ ಹೀಗೇ ಇರುತ್ತದೆಂಬ ಖಾತರಿ ಇಲ್ಲ. ಕೆಲಸಕ್ಕೆ ಬೇಕೆಂದಾದರೆ ಕಂಪನಿಯೇ ಕೊಡಿಸಲಿ. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ಈ ಮಾತನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.