ಮಾತಿಗಿಂತ ಮೊದಲು ಬೆರಳು

ಮಗುವಿನ ಮಾತು ‘ಉಮ್ಮಾ’ ಎಂದು ಕರೆದ ದಿನ ಆರಂಭವಾಗುವುದಲ್ಲ. 2 ತಿಂಗಳ ಹೊತ್ತಿಗೆ ಅದು ನಿಮ್ಮ ಮುಖ ನೋಡಿ ನಗುತ್ತದೆ, ‘ಆ’, ‘ಊ’ ಎನ್ನುತ್ತದೆ. 6-7 ತಿಂಗಳಿಗೆ ‘ಬಬಬ’, ‘ಮಮಮ’ ಎಂದು ತೊದಲುತ್ತದೆ. ವರ್ಷ ತುಂಬುವ ಆಸುಪಾಸಿನಲ್ಲಿ ಬೆರಳು ತೋರಿಸುತ್ತದೆ. ಬೇಕಾದ ಬಾಳೆಹಣ್ಣಿನ ಕಡೆಗೆ ಮಾತ್ರವಲ್ಲ, ಮಾಡಿನ ಮೇಲಿನ ಕಾಗೆಯ ಕಡೆಗೂ. ತೋರಿಸಿ ನಿಮ್ಮ ಮುಖ ನೋಡುತ್ತದೆ. ‘ನೀನೂ ನೋಡಿದೆಯಾ?’ ಎಂಬ ಪ್ರಶ್ನೆ ಅದು. ‘ಹೌದು, ಕಾಗೆ!’ ಎಂದು ಉತ್ತರಿಸಿ. ಪದಗಳನ್ನು ಮಗು ಕಲಿಯುವುದು ಇಂಥ ಉತ್ತರಗಳಿಂದ. ಮೊಬೈಲ್ ಎಷ್ಟೇ ಮಾತಾಡಲಿ, ಮಗುವಿನ ಬೆರಳನ್ನು ಅದು ನೋಡುವುದಿಲ್ಲ.

ಮನೆಯಲ್ಲಿ ಬ್ಯಾರಿ, ಉರ್ದು, ಕನ್ನಡ ಎಲ್ಲವೂ ಇರಲಿ. ಹಲವು ಭಾಷೆ ಕೇಳಿದರೆ ಮಾತು ಬರುವುದಿಲ್ಲ ಎಂಬ ಭಯ ಬೇಡ.

‘ಮಾತು ಬರಲು ಮಾಜೂನ್ ಕೊಡಿ’ ಎಂದು ಎರಡೂವರೆ ವರ್ಷದ ಮಗುವನ್ನು ನನ್ನ ಬಳಿ ಕರೆತರುವವರಿದ್ದಾರೆ. ‘ಇವನ ತಂದೆಯೂ ತಡವಾಗಿಯೇ ಮಾತಾಡಿದ್ದು’ ಎಂದು ಹಿರಿಯರು ಅಷ್ಟು ದಿನ ಸಮಾಧಾನ ಹೇಳಿರುತ್ತಾರೆ. ನಾನು ಔಷಧಿ ಬರೆಯುವ ಮೊದಲು ಕಿವಿ ಪರೀಕ್ಷೆಗೆ ಕಳಿಸುತ್ತೇನೆ. ಕಿವಿ ಕೇಳದ ಮಗುವೂ ಆರಂಭದ ತಿಂಗಳುಗಳಲ್ಲಿ ‘ಆ’, ‘ಊ’ ಎನ್ನುತ್ತದೆ. ಅರೆಬರೆ ಕೇಳುವ ಮಗು ಬಾಗಿಲು ಬಡಿದರೆ ಬೆಚ್ಚುತ್ತದೆ. ಹಾಗಾಗಿ ಮನೆಯವರಿಗೆ ಸಂಶಯವೇ ಬರುವುದಿಲ್ಲ.

ವರ್ಷ ತುಂಬಿದರೂ ತೊದಲು ನುಡಿಯಾಗಲಿ ಸನ್ನೆಯಾಗಲಿ ಇಲ್ಲದಿದ್ದರೆ, 16 ತಿಂಗಳಾದರೂ ಒಂದು ಪದವೂ ಬಾರದಿದ್ದರೆ, ಬಂದ ಮಾತು ನಿಂತುಹೋದರೆ ಕಾಯಬೇಡಿ. ಕಿವಿ ಪರೀಕ್ಷೆಯಲ್ಲಿ ನೋವಿಲ್ಲ, ನವಜಾತ ಶಿಶುವಿಗೂ ಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ತರಬೇತಿ ಎರಡೂ ಇವೆ. ಬೇಗ ಹೋದಷ್ಟೂ ಮಗುವಿಗೆ ಲಾಭ.