ಮೂಗಿನ ಆಪರೇಷನ್ ಆಯ್ತು, ಮುಂದಿನ ಚೀಟಿ ಎಲ್ಲಿ?

ಕಿವಿ-ಮೂಗು-ಗಂಟಲು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲದ ಪತ್ರಗಳೆಲ್ಲ ದಾವಣಗೆರೆ ಮತ್ತು ಹರಿಹರದವು. ಆಪರೇಷನ್ ಹೇಗೆ ಮಾಡುತ್ತಾರೆ ಎಂದು ಒಬ್ಬರೂ ಕೇಳಿಲ್ಲ. ಎಲ್ಲರದೂ ಮನೆಗೆ ಬಂದ ಮೇಲಿನ ಗೋಳು. ಡಿಸ್ಚಾರ್ಜ್ ಚೀಟಿಯ ಮೇಲೆ ನಾವು ಗೀಚುವ ಅಕ್ಷರ ಯಾರಿಗೂ ಓದಲು ಬರುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನನಗೆ 34 ವರ್ಷ, ಅಕ್ಕಿ ಗಿರಣಿಯಲ್ಲಿ ಕೆಲಸ. ಮೂಗಿನ ಮೂಳೆ ಸೊಟ್ಟ ಇದೆ ಅಂತ ದಾವಣಗೆರೆಯಲ್ಲಿ ಆಪರೇಷನ್ ಆಗಿ 12 ದಿನ ಆಯ್ತು. ಬತ್ತಿ ತೆಗೆದ ದಿನ ಉಸಿರು ಸರಾಗ ಆಡ್ತಿತ್ತು, ಈಗ ಮತ್ತೆ ಕಟ್ಟಿಕೊಂಡಿದೆ. ಇನ್ನೂ ಎರಡು ಸಲ ಬನ್ನಿ ಅಂದಿದ್ದಾರೆ. ಹೋದರೆ ಒಂದು ದಿನದ ಪಗಾರ ಹೋಗುತ್ತೆ. ಹೋದ ಸಲ ಮೂರು ತಾಸು ಕೂರಿಸಿ ಎರಡು ನಿಮಿಷ ನೋಡಿ ಕಳಿಸಿದರು. ಹೋಗಲೇಬೇಕಾ ಸರ್? ಕೆಲಸಕ್ಕೆ ಯಾವಾಗ ಹೋಗಲಿ?
– ಹರಿಹರದ ಓದುಗ

ಉತ್ತರ: ಹೋಗಲೇಬೇಕು. ಯಾಕೆ ಎನ್ನುವುದನ್ನು ಆ ಎರಡು ನಿಮಿಷದಲ್ಲಿ ಯಾರಾದರೂ ಬಿಡಿಸಿ ಹೇಳಿದ್ದರೆ ನಿಮಗೆ ಈ ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ. ಆ ತಪ್ಪು ನಮ್ಮ ಕಡೆಯದು.

ಮೂಗಿನ ಒಳಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಸಿಂಬಳವನ್ನು, ಅದಕ್ಕೆ ಅಂಟಿದ ದೂಳನ್ನು ಹಗಲೂ ರಾತ್ರಿ ಗಂಟಲ ಕಡೆಗೆ ತಳ್ಳುವುದು ಅವುಗಳ ಕೆಲಸ. ಎರಡು ಹೊಳ್ಳೆಗಳ ನಡುಗೋಡೆಯನ್ನು ನೆಟ್ಟಗೆ ಮಾಡುವಾಗ ಆ ಪೊರೆಯನ್ನು ಬಿಡಿಸಿ ಮತ್ತೆ ಕೂರಿಸಿರುತ್ತಾರೆ. ಪೊರೆ ಊದಿಕೊಳ್ಳುತ್ತದೆ, ರೋಮಗಳು ಕೆಲವು ವಾರ ಕೆಲಸ ನಿಲ್ಲಿಸುತ್ತವೆ. ತಳ್ಳುವವರಿಲ್ಲದ ಸಿಂಬಳ, ಹೆಪ್ಪುಗಟ್ಟಿದ ರಕ್ತ ಎರಡೂ ಒಣಗಿ ಹಕ್ಕಳೆಯಾಗುತ್ತವೆ. ಭದ್ರಾ ನಾಲೆಯ ಕೊನೆಭಾಗದ ರೈತರನ್ನು ಕೇಳಿ ನೋಡಿ: ಅಣೆಕಟ್ಟೆ ತುಂಬಿದ್ದರೂ ನಾಲೆಯಲ್ಲಿ ಹೂಳಿದ್ದರೆ ಗದ್ದೆಗೆ ನೀರು ಮುಟ್ಟುವುದಿಲ್ಲ. ನಿಮ್ಮ ಮೂಗು ಈಗ ಕಟ್ಟಿರುವುದು ಬಹುತೇಕ ಊತ ಮತ್ತು ಈ ಹೂಳಿನಿಂದ. ಸೊಟ್ಟ ಮರಳಿ ಬಂದಿದೆ ಎಂದು ಹೆದರಬೇಡಿ. ಅಂದ ಹಾಗೆ, ಎಲ್ಲರೂ ಮೂಳೆ ಮೂಳೆ ಅನ್ನುವ ಆ ನಡುಗೋಡೆಯ ಮುಂಭಾಗ ಮೂಳೆಯೇ ಅಲ್ಲ, ಕಿವಿಯ ಹಾಲೆಯ ಮೇಲ್ಗಡೆ ಕೈಗೆ ಸಿಗುತ್ತದಲ್ಲ, ಅಂಥ ಮೆತ್ತನೆಯ ಮೃದ್ವಸ್ಥಿ.

ಮುಂದಿನ ಭೇಟಿಯಲ್ಲಿ ವೈದ್ಯರು ಸಣ್ಣ ದುರ್ಬೀನು ಹಾಕಿ ಆ ಹಕ್ಕಳೆ ತೆಗೆಯುತ್ತಾರೆ. ಅದಕ್ಕಿಂತ ಮುಖ್ಯವಾಗಿ ಇನ್ನೊಂದನ್ನು ಹುಡುಕುತ್ತಾರೆ. ಎರಡು ಹಸಿ ಗಾಯಗಳು ಎದುರುಬದುರು ಇದ್ದರೆ ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ನಡುಗೋಡೆಗೂ ಪಕ್ಕದ ಗೋಡೆಯ ಉಬ್ಬಿಗೂ ಹೀಗೆ ಸೇತುವೆ ಬಿದ್ದರೆ ಮೊದಲ ವಾರಗಳಲ್ಲಿ ಅದು ಜೇಡರ ಬಲೆಯಷ್ಟು ತೆಳ್ಳಗಿರುತ್ತದೆ, ಮರಗಟ್ಟಿಸುವ ಔಷಧಿ ಹಚ್ಚಿ ಅಲ್ಲೇ ಬಿಡಿಸಬಹುದು. ಮೂರು ತಿಂಗಳು ಬಿಟ್ಟು ಹೋದರೆ ಅದು ಗಟ್ಟಿಯಾಗಿರುತ್ತದೆ, ಮತ್ತೆ ಆಪರೇಷನ್ ಟೇಬಲ್ ಹತ್ತಬೇಕಾದೀತು. ನೀವು ಉಳಿಸಿದ ಒಂದು ದಿನದ ಪಗಾರ ಆಗ ಲೆಕ್ಕಕ್ಕೇ ಬರುವುದಿಲ್ಲ.

ವೈದ್ಯರಿಂದ ವೈದ್ಯರಿಗೆ ದಿನಗಳು ಆಚೀಚೆ ಆಗುತ್ತವೆ. ಸಾಮಾನ್ಯವಾಗಿ ಬತ್ತಿ ಇಟ್ಟಿದ್ದರೆ ಒಂದೆರಡು ದಿನಕ್ಕೆ ತೆಗೆಯುತ್ತಾರೆ, ಒಳಗೆ ಪ್ಲಾಸ್ಟಿಕ್ ತಗಡು ಕೂರಿಸಿದ್ದರೆ ವಾರ ಹತ್ತು ದಿನಕ್ಕೆ. ಆಮೇಲೆ ಮೂರನೇ ಅಥವಾ ನಾಲ್ಕನೇ ವಾರ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ. ಇದರಲ್ಲಿ ಮೂರನೇ ವಾರದ್ದನ್ನು ಖಂಡಿತ ತಪ್ಪಿಸಬೇಡಿ. ಮೂರು ತಿಂಗಳದ್ದನ್ನು ನಿಮ್ಮ ವಾರದ ರಜೆ ನೋಡಿಕೊಂಡು ಹಿಂದೆ ಮುಂದೆ ಮಾಡಿಕೊಳ್ಳಿ, ಅಡ್ಡಿಯಿಲ್ಲ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು. ಬಸ್ಸು ಸಮಸ್ಯೆಯಲ್ಲ, ಕಾಯುವುದೇ ಸಮಸ್ಯೆ. ಹಿಂದಿನ ದಿನ ಫೋನ್ ಮಾಡಿ, ಆಪರೇಷನ್ ಮಾಡಿದ ವೈದ್ಯರು ಹೊರರೋಗಿಗಳನ್ನು ನೋಡುವ ದಿನವೇ ಹೌದಾ ಎಂದು ಕೇಳಿಕೊಂಡು ಹೋಗಿ. ದೊಡ್ಡ ಆಸ್ಪತ್ರೆಗಳಲ್ಲಿ ಒಂದೊಂದು ತಂಡಕ್ಕೆ ಒಂದೊಂದು ದಿನ ಇರುತ್ತದೆ. ಬೇರೆ ದಿನ ಹೋದರೆ ನಿಮ್ಮ ಮೂಗಿನ ಪೂರ್ವಾಪರ ಗೊತ್ತಿಲ್ಲದವರು ನೋಡಿ ಕಳಿಸುತ್ತಾರೆ. ಆಯುಷ್ಮಾನ್ ಕಾರ್ಡಿನಲ್ಲಿ ಆಗಿದ್ದರೆ ಮುಂದಿನ ಔಷಧಿಯ ಬಗ್ಗೆ ಅಲ್ಲೇ ಕೂರುವ ಆರೋಗ್ಯಮಿತ್ರರನ್ನು ಕೇಳಿ. ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ.

ಗಿರಣಿಗೆ ಎರಡು ವಾರ ತುಂಬುವ ಮೊದಲು ಹೋಗಬೇಡಿ. ಹೋದ ಮೇಲೂ ತೌಡಿನ ದೂಳಿಗೆ ಮಾಸ್ಕ್ ಕಟ್ಟಿಕೊಳ್ಳಿ. ಮೂಟೆ ಹೊರುವ ಕೆಲಸವಿದ್ದರೆ ವೈದ್ಯರು ನೋಡಿ ಹ್ಞೂಂ ಅಂದ ಮೇಲೆಯೇ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದರೆ ತಲೆಗೆ ರಕ್ತದ ಒತ್ತಡ ಏರುತ್ತದೆ, ಮಾಗದ ಗಾಯ ಬಾಯಿ ಬಿಡುತ್ತದೆ.

ಪ್ರಶ್ನೆ: ನನಗೆ ಸೈನಸ್ ಆಪರೇಷನ್ ಆಗಿ ವಾರ ಆಯ್ತು. ಆ ದಿನ ಬಲವಂತ ಮಾಡಿ ಮೂಗುಬೊಟ್ಟು ತೆಗೆಸಿದರು. ಮುತ್ತೈದೆ ಬೋಳು ಮೂಗಲ್ಲಿ ಇರಬಾರದು ಅಂತ ನಮ್ಮತ್ತೆ ದಿನಾ ಅಂತಾರೆ, ತೂತು ಮುಚ್ಚಿಹೋಗುತ್ತೆ ಅಂತ ಬೇವಿನ ಕಡ್ಡಿ ಚುಚ್ಚಲು ಬಂದಿದ್ದರು. ಜೊತೆಗೆ ಬದನೆಕಾಯಿ ನಂಜು ಅಂತ ಊಟದಲ್ಲೂ ಕಟ್ಟುಪಾಡು. ಏನು ಮಾಡಲಿ?
– ದಾವಣಗೆರೆ, ವಿನೋಬನಗರ

ಉತ್ತರ: ಕಡ್ಡಿ ಬೇಡವೇ ಬೇಡ. ಅತ್ತೆಯವರಿಗೆ ನನ್ನ ಹೆಸರು ಹೇಳಿ ತಡೆಯಿರಿ, ಬೈಗುಳ ನನಗೇ ಬರಲಿ. ಮೂಗುಬೊಟ್ಟು ತೆಗೆಸಿದ್ದಕ್ಕೆ ಕಾರಣ ಇದೆ: ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಸಾಧನದಿಂದ ಲೋಹವಿದ್ದ ಜಾಗ ಸುಡಬಹುದು, ತಿರುಪು ಸಡಿಲಾಗಿ ಗಂಟಲಿಗೆ ಜಾರಲೂಬಹುದು. ಬಹಳ ವರ್ಷದ ತೂತು ವಾರ ಹದಿನೈದು ದಿನಕ್ಕೆ ಪೂರ್ತಿ ಮುಚ್ಚುವುದು ಅಪರೂಪ, ಕಿರಿದಾಗುತ್ತದೆ ಅಷ್ಟೆ. ಮೂಗು ಮುಟ್ಟಿದರೆ ನೋವಿಲ್ಲ, ಒಳಗೆ ಹಕ್ಕಳೆ ಇಲ್ಲ ಎಂದು ಮುಂದಿನ ಭೇಟಿಯಲ್ಲಿ ಖಾತ್ರಿಯಾದ ಮೇಲೆ ಕೈ ತೊಳೆದುಕೊಂಡು ನೀವೇ ಹಾಕಿಕೊಳ್ಳಿ. ಏರದಿದ್ದರೆ ಒತ್ತಬೇಡಿ, ಆಸ್ಪತ್ರೆಯಲ್ಲೇ ವೈದ್ಯರಿಂದ ಹಾಕಿಸಿಕೊಳ್ಳಿ.

ನಂಜಿನ ವಿಷಯ. ಬದನೆಕಾಯಿಯಿಂದ ಗಾಯ ಕೀವಾಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಆಗುತ್ತದೆ, ಬೆರಳು ಹಾಕಿ ಹಕ್ಕಳೆ ಕೀಳುವುದರಿಂದ ಆಗುತ್ತದೆ. ಬದನೆಕಾಯಿ ತಿಂದರೆ ನಿಮಗೆ ಮೊದಲಿನಿಂದಲೂ ತುರಿಕೆ ಬರುತ್ತಿದ್ದರೆ ಮಾತ್ರ ಬಿಡಿ. ಬೇಳೆ, ಮೊಟ್ಟೆ, ಸೊಪ್ಪು ಕಡಿಮೆ ಮಾಡಿ ಬರೀ ಗಂಜಿಯ ಮೇಲೆ ಇಟ್ಟರೆ ಗಾಯ ಮಾಯುವುದೇ ತಡವಾಗುತ್ತದೆ. ಮೊದಲ ಕೆಲವು ದಿನ ಕುದಿಕುದಿ ಸಾರು ಮತ್ತು ಕಣ್ಣಲ್ಲಿ ಮೂಗಲ್ಲಿ ನೀರು ಬರಿಸುವ ಮೆಣಸಿನಕಾಯಿ ಬೇಡ ಅನ್ನುವುದು ನಿಜವಾದ ಪಥ್ಯ. ಹಬೆಯೂ ಈಗ ಬೇಡ.

ಪ್ರಶ್ನೆ: ಆಪರೇಷನ್ ಆದ ಎಂಟನೇ ದಿನ ರಾತ್ರಿ ಒಂದು ಸೀನು ಬಂತು, ನಮ್ಮ ಯಜಮಾನರ ಮೂಗಿನಿಂದ ರಕ್ತ ಸುರಿಯಿತು. ಅಂಗಾತ ಮಲಗಿಸಿ ತಲೆಗೆ ತಣ್ಣೀರು ಹಾಕಿದೆವು. ರಕ್ತ ವಾಂತಿ ಆಯ್ತು, ಜೀವವೇ ಹೋದಂಗಾಯ್ತು. ಬೆಳಿಗ್ಗೆ ನಿಂತಿತ್ತು. ಅವರಿಗೆ ಬಿ.ಪಿ. ಇದೆ.
– ದಾವಣಗೆರೆ, ಹಳೇಪೇಟೆ

ಉತ್ತರ: ಆ ವಾಂತಿ ಹೊಟ್ಟೆಯಿಂದ ಬಂದ ಹೊಸ ರಕ್ತವಲ್ಲ ತಾಯಿ, ಅಂಗಾತ ಮಲಗಿದ್ದಾಗ ನುಂಗಿದ ಮೂಗಿನ ರಕ್ತ. ಇನ್ನೊಮ್ಮೆ ಬಂದರೆ ಮಲಗಿಸಬೇಡಿ. ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಲಿ, ಮೂಗಿನ ಕೆಳಗಿನ ಮೆತ್ತನೆ ಭಾಗವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು ಗಡಿಯಾರ ನೋಡಿಕೊಂಡು ಹತ್ತರಿಂದ ಹದಿನೈದು ನಿಮಿಷ ಬಿಡಬಾರದು. ನಡುವೆ ನಿಂತಿತಾ ಎಂದು ಬಿಟ್ಟು ನೋಡುವುದೇ ಎಲ್ಲರೂ ಮಾಡುವ ತಪ್ಪು. ಬಾಯಿಗೆ ಬಂದದ್ದನ್ನು ಉಗಿಯಲಿ. ಅಷ್ಟಾದರೂ ನಿಲ್ಲದಿದ್ದರೆ, ಅಥವಾ ಮೊದಲಿಂದಲೇ ಧಾರೆಯಾಗಿ ಸುರಿಯುತ್ತಿದ್ದರೆ, ರಾತ್ರಿಯೇ ಹೊರಡಿ. ಜಿಲ್ಲಾ ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ ಮೂರೂ ಊರಲ್ಲೇ ಇವೆ. ಗಾಡಿ ಇಲ್ಲದಿದ್ದರೆ 108.

ಐದರಿಂದ ಹತ್ತನೇ ದಿನದ ನಡುವೆ ಹಕ್ಕಳೆ ಕಿತ್ತುಬಂದು ಹೀಗೆ ಆಗುವುದುಂಟು. ಸೀನು ಬಂದರೆ ತಡೆಯದೆ ಬಾಯಿ ಅಗಲ ತೆರೆದು ಸೀನಲಿ. ಎರಡು ವಾರ ಗೊಣ್ಣೆ ಸೀಟುವುದು ಬೇಡ, ತಲೆಗೆ ಎರಡು ದಿಂಬು. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಬಾರದು. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಯಾವಾಗ ಮತ್ತೆ ಶುರು ಮಾಡುವುದೆಂದು ಕೇಳಿ ತಿಳಿದುಕೊಳ್ಳಿ, ತಾವಾಗಿಯೇ ಬಿಡುವುದೂ ತಪ್ಪು, ಹಿಡಿಯುವುದೂ ತಪ್ಪು. ನೋವಿಗೆ ಅಂಗಡಿಯ ಬೇರೆ ಮಾತ್ರೆ ನುಂಗಬೇಡಿ, ಬರೆದುಕೊಟ್ಟದ್ದೇ ಸಾಕು.

ಇನ್ನು ನಾಲ್ಕು ಸಂಗತಿಗೆ ಮುಂದಿನ ಚೀಟಿಯ ದಿನಾಂಕ ಕಾಯಬಾರದು, ಇದನ್ನು ಎಲ್ಲ ಓದುಗರಿಗೂ ಹೇಳುತ್ತಿದ್ದೇನೆ. ಎರಡೂ ಹೊಳ್ಳೆ ಪೂರ್ತಿ ಕಟ್ಟಿ, ಮೂಗು ಸಿಡಿಯುವಷ್ಟು ನೋವಾಗಿ, ಜ್ವರ ಬಂದರೆ ನಡುಗೋಡೆಯಲ್ಲಿ ರಕ್ತ ಅಥವಾ ಕೀವು ತುಂಬಿರಬಹುದು. ತಡಮಾಡಿದರೆ ಮೃದ್ವಸ್ಥಿ ಕರಗಿ ಮೂಗಿನ ದಿಂಡು ಕುಸಿಯುತ್ತದೆ. ಕಣ್ಣು ಊದಿಕೊಂಡರೆ, ದೃಷ್ಟಿ ಮಂಜಾದರೆ ಅಥವಾ ಒಂದು ಎರಡಾಗಿ ಕಂಡರೆ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥದ್ದು ತಟತಟ ತೊಟ್ಟಿಕ್ಕಿದರೆ: ಅದು ನೆಗಡಿಯಾಗಿರದೆ ಮೆದುಳಿನ ಸುತ್ತಲಿನ ದ್ರವ ಇರಬಹುದು. ತಲೆನೋವಿನ ಜೊತೆ ಕತ್ತು ಸೆಟೆದುಕೊಂಡರೆ.

ಪ್ರಶ್ನೆ: ಮೂಗು ತೊಳೆಯಲು ಹೇಳಿದ್ದಾರೆ. ನಾನು ಮೊದಲಿಂದ ಜಲನೇತಿ ಮಾಡುವವನು. ಹೊಳೆಯ ನೀರಲ್ಲೇ ಮಾಡಬಹುದಾ? ನಮ್ಮದು ತುಂಗಭದ್ರೆ ದಂಡೆಯ ಊರು.
– ಹರಿಹರ, ನಿವೃತ್ತರು

ಉತ್ತರ: ಹರಿಹರೇಶ್ವರನ ಪಾದದ ಹೊಳೆಯ ಬಗ್ಗೆ ನಿಮಗಿರುವ ಭಕ್ತಿ ನನಗೂ ಇದೆ. ಮೂಗಿನೊಳಗೆ ಮಾತ್ರ ಬೇಡ. ನಲ್ಲಿ ನೀರು, ಬೋರ್ ನೀರು, ಕ್ಯಾನಿನ ಶುದ್ಧ ನೀರು ಕೂಡ ಹಾಗೇ ಬಳಸಬಾರದು. ಕುಡಿದರೆ ಏನೂ ಮಾಡದ ಒಂದು ಅಮೀಬಾ ಮೂಗಿನ ಮೂಲಕ ಹೋದರೆ ಮೆದುಳು ಸೇರುತ್ತದೆ. ಬಹಳ ಅಪರೂಪ, ಆದರೆ ಬಂದವರು ಉಳಿಯುವುದು ಕಷ್ಟ. 2024 ಮತ್ತು 2025ರಲ್ಲಿ ಪಕ್ಕದ ಕೇರಳದಲ್ಲಿ ಮೆದುಳಿಗೆ ಅಮೀಬಾ ಹೊಕ್ಕ ಪ್ರಕರಣಗಳನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ನೀರು ಕುದಿ ಬಂದ ಮೇಲೆ ಒಂದೆರಡು ನಿಮಿಷ ಬುಳಬುಳ ಕುದಿಯಲಿ, ಮುಚ್ಚಿಟ್ಟು ಉಗುರುಬೆಚ್ಚಗಾದ ಮೇಲೆ ಕಾಲು ಲೀಟರಿಗೆ ಅರ್ಧ ಚಹಾ ಚಮಚ ಪುಡಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ. ಉರಿದರೆ ಅಳತೆ ತಪ್ಪಿದೆ ಎಂದರ್ಥ. ನೇತಿ ಪಾತ್ರೆಯನ್ನು ದಿನವೂ ತೊಳೆದು ಬೋರಲು ಹಾಕಿ ಒಣಗಿಸಿ. ನಿಮ್ಮ ವೈದ್ಯರು ಯಾವ ದಿನದಿಂದ ಎಂದಿದ್ದಾರೋ ಅಂದಿನಿಂದ ಮಾತ್ರ. ನಶ್ಯದ ಅಭ್ಯಾಸ ಇದ್ದರೆ, ಈ ನೆಪದಲ್ಲಿ ಡಬ್ಬಿಯನ್ನು ಹೊಳೆಗೆ ಬಿಡಬಹುದು.

ಪ್ರಶ್ನೆ: ಆಪರೇಷನ್ ಆದಾಗಿನಿಂದ ಮೇಲಿನ ಮುಂದಿನ ಹಲ್ಲು ಜೋಮು ಹಿಡಿದಂತಿದೆ. ಜಿಮ್‌ಗೆ ಹೋಗಬಹುದಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಡುಗೋಡೆಯ ಪಕ್ಕದಲ್ಲೇ ಹಲ್ಲಿನ ಹಿಂದಕ್ಕೆ ಇಳಿಯುವ ನರಕ್ಕೆ ಪೆಟ್ಟಾಗಿದೆ, ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಜಿಮ್ ಮೂರನೇ ವಾರದ ಭೇಟಿ ಮುಗಿದ ಮೇಲೆ. ಚೆಂಡು ಮುಖಕ್ಕೆ ಬೀಳುವ ಆಟ ಆರು ವಾರ ಬೇಡ.

ಪ್ರಶ್ನೆ: ನಮ್ಮದು ಮಂಡಕ್ಕಿ ಭಟ್ಟಿ. ಮೂಗಿನ ದುರ್ಮಾಂಸಕ್ಕೆ ನಾಲ್ಕು ವರ್ಷದ ಹಿಂದೆ ಒಮ್ಮೆ, ಈ ವರ್ಷ ಒಮ್ಮೆ ಆಪರೇಷನ್ ಆಗಿದೆ. ಮೊದಲನೇ ಸಲ ಎರಡು ತಿಂಗಳಲ್ಲಿ ಆರಾಮಾಯ್ತು ಅಂತ ಸ್ಪ್ರೇ ಬಿಟ್ಟಿದ್ದೆ. ಸ್ಟೀರಾಯ್ಡ್ ಅಂತ ಭಯ. ಈಗ ವಾಸನೆ ಏನೂ ಗೊತ್ತಾಗುತ್ತಿಲ್ಲ.
– ದಾವಣಗೆರೆ

ಉತ್ತರ: ದುರ್ಮಾಂಸ ಎನ್ನುವ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಕೆಟ್ಟ ಮಾಂಸ, ಕತ್ತರಿಸಿ ಬಿಸಾಡಿದರೆ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ನಿಮಗೆ ಆಗಿರುವುದು ಪೊರೆಯೇ ನೀರು ತುಂಬಿಕೊಂಡು ದ್ರಾಕ್ಷಿಯಂತೆ ಇಳಿಬಿದ್ದಿರುವುದು. ಗೊಂಚಲು ಕತ್ತರಿಸಿದೆವು, ಬಳ್ಳಿ ಅಲ್ಲೇ ಇದೆ. ಆಪರೇಷನ್ ಮಾಡಿದ್ದರ ಅರ್ಧ ಉದ್ದೇಶವೇ ಸ್ಪ್ರೇ ಔಷಧಿ ಒಳಗಿನವರೆಗೆ ಮುಟ್ಟಲು ದಾರಿ ಮಾಡುವುದು. ದಾರಿ ಮಾಡಿಸಿ ಔಷಧಿ ನಿಲ್ಲಿಸಿದಿರಿ, ಅದಕ್ಕೇ ನಾಲ್ಕು ವರ್ಷಕ್ಕೆ ಮರಳಿ ಬಂತು. ಮೂಗಿಗೆ ಹೊಡೆಯುವ ಸ್ಪ್ರೇಯಲ್ಲಿ ಸ್ಟೀರಾಯ್ಡ್ ಅತಿ ಅಲ್ಪ, ರಕ್ತಕ್ಕೆ ಸೇರುವುದು ಇನ್ನೂ ಅಲ್ಪ; ನುಂಗುವ ಮಾತ್ರೆಯ ಲೆಕ್ಕ ಇದಕ್ಕೆ ಹಾಕಬೇಡಿ. ಬಾಟಲಿಯ ಮೂತಿಯನ್ನು ನಡುಗೋಡೆಗೆ ಗುರಿಯಿಡದೆ ಅದೇ ಪಕ್ಕದ ಕಣ್ಣಿನ ಹೊರಮೂಲೆಯ ಕಡೆಗೆ ತಿರುಗಿಸಿ ಹೊಡೆಯಿರಿ, ರಕ್ತ ಕಾಣಿಸುವುದು ಕಡಿಮೆಯಾಗುತ್ತದೆ. ನಿಮ್ಮಂಥವರಿಗೆ ಚೀಟಿ ಮೂರು ತಿಂಗಳಿಗೆ ಮುಗಿಯುವುದಿಲ್ಲ. ಮೊದಲ ವರ್ಷ ಮೂರ್ನಾಲ್ಕು ಸಲ, ಆಮೇಲೆ ವರ್ಷಕ್ಕೊಮ್ಮೆಯಾದರೂ ದುರ್ಬೀನಿನಲ್ಲಿ ನೋಡಿಸಿಕೊಳ್ಳಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಿದಾಗ ಉಬ್ಬಸ ಬಂದದ್ದಿದ್ದರೆ ಮರೆಯದೆ ಹೇಳಿ, ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಭಟ್ಟಿ ಬಿಡಿ ಎಂದು ಹೇಳುವುದು ನನಗೆ ಸುಲಭ, ನಿಮಗಲ್ಲ. ಹೊಟ್ಟು ಉರಿಸುವ ಒಲೆಯ ಮುಂದೆ ನೀವೇ ನಿಲ್ಲದೆ ಹೊರಗಿನ ವ್ಯವಹಾರ ನೋಡಿಕೊಳ್ಳಲು ಸಾಧ್ಯವೇ ಯೋಚಿಸಿ. ಸಂಜೆ ಮನೆಗೆ ಬಂದ ಕೂಡಲೇ ಮೇಲೆ ಹೇಳಿದಂತೆ ಮೂಗು ತೊಳೆದುಕೊಳ್ಳಿ, ಸ್ಪ್ರೇ ಅದಾದ ಮೇಲೆ.

ವಾಸನೆ ಊತ ಇಳಿದಂತೆ ಬರಬಹುದು. ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಹದಿನೈದು ಸೆಕೆಂಡು ಮೂಸುತ್ತಾ, ಅದರ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳಿ. ಮೂರು ತಿಂಗಳಾದರೂ ಬಿಡಬಾರದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 2009ರಲ್ಲಿ ಶುರುವಾದ ಅಭ್ಯಾಸ ಇದು, ಖರ್ಚಿಲ್ಲ. ವಾಸನೆ ಮರಳುವ ತನಕ ಮನೆಯ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ರಾತ್ರಿ ಮಲಗುವ ಮುನ್ನ ಬೇರೆಯವರು ಆರಿಸಿ ನೋಡಲಿ, ಹಾಲು ಹತ್ತಿದ್ದೂ ನಿಮಗೆ ಗೊತ್ತಾಗುವುದಿಲ್ಲ.