ಕಂಪನಿ ಕರೆದಾಗ ಹೋಗಿ ಬಾ

ಮಗೂ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. "ಕಾರಿನದ್ದು ಏನೋ ರೀಕಾಲ್ ಅಂತೆ ಮಾವ. ಫ್ಯೂಯೆಲ್ ಪಂಪ್ ಬದಲಾಯಿಸಬೇಕಂತೆ. ಹಳೇ ಓನರಿಗೆ ಮೆಸೇಜ್ ಬಂದಿತ್ತು, ಅವರು ನನಗೆ ಕಳಿಸಿದ್ರು. ಗಾಡಿ ಚೆನ್ನಾಗೇ ಓಡ್ತಿದೆಯಲ್ಲ, ಬಿಡುವಾದಾಗ ನೋಡಿದರಾಯ್ತು" ಅಂದೆ. ಆಮೇಲೆ ಹಬ್ಬಕ್ಕೆ ಅದೇ ಕಾರಿನಲ್ಲಿ ಬರುತ್ತೇನೆ ಅಂತಲೂ ಹೇಳಿದೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ" ಅಂದು ಮರೆತುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಗಾಡಿ ಚೆನ್ನಾಗೇ ಓಡ್ತಿದೆಯಲ್ಲ ಎಂಬ ಮಾತನ್ನು ನಾನು ಡಿಪೋದಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ಕೇಳಿದ್ದೇನೆ. ಆಡಿದವರೆಲ್ಲ ಜಾಣರೇ, ಎಚ್ಚರಿಕೆಯವರೇ. ಆದರೆ ಗಾಡಿಯ ಎಲ್ಲ ಭಾಗವೂ ಕೆಡುವ ಮೊದಲು ಕೂಗಿ ಹೇಳುವುದಿಲ್ಲ. ಬ್ರೇಕ್ ಪ್ಯಾಡ್ ಸವೆದರೆ ಕಿರುಗುಟ್ಟುತ್ತದೆ, ಬೆಲ್ಟ್ ಸಡಿಲವಾದರೆ ಚೀರುತ್ತದೆ. ಫ್ಯೂಯೆಲ್ ಪಂಪ್ ಹಾಗಲ್ಲ. ಅದು ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿ ಕೂತಿರುತ್ತದೆ. ಪುಟ್ಟದೊಂದು ಮೋಟರು, ಅದಕ್ಕೊಂದು ಪುಟ್ಟ ಚಕ್ರ. ಆ ಚಕ್ರ ಕಚ್ಚಿಕೊಂಡರೆ ಪೆಟ್ರೋಲ್ ಮುಂದಕ್ಕೆ ಹೋಗುವುದಿಲ್ಲ, ಎಂಜಿನ್ ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆದ ಗಾಡಿ ಮಧ್ಯಾಹ್ನ ನಡುರಸ್ತೆಯಲ್ಲಿ ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಂಜಿನ್ ನಿಂತರೆ ಗಾಡಿ ನಿಲ್ಲುತ್ತದೆ ಅಷ್ಟೇ ತಾನೆ, ಇದರಲ್ಲಿ ಸುರಕ್ಷತೆಯ ಮಾತೇನು ಅಂತ ನಿನಗೆ ಅನ್ನಿಸಬಹುದು. ಹಾಗಾದರೆ ನಿನ್ನ ಅಮ್ಮನನ್ನೇ ಕೇಳು. ನೀನು ಇನ್ನೂ ಪ್ರೈಮರಿಯಲ್ಲಿದ್ದ ಕಾಲ. ಹಾಸನದ ಮದುವೆ ಮುಗಿಸಿ ಅವಳನ್ನೂ ನಿನ್ನ ಅತ್ತೆಯನ್ನೂ ಕೂರಿಸಿಕೊಂಡು ಸ್ನೇಹಿತನ ಕಾರಿನಲ್ಲಿ ಬರುತ್ತಿದ್ದೆ. ದೋಣಿಗಲ್ ದಾಟಿ ಶಿರಾಡಿ ಇಳಿಯುತ್ತಿದ್ದೆವು, ಸಣ್ಣಗೆ ಮಳೆ. ಒಂದು ತಿರುವಿನಲ್ಲಿ ಸದ್ದಿಲ್ಲದೆ ಎಂಜಿನ್ ಆರಿತು. ಗಾಬರಿಯಲ್ಲಿ ಕ್ಲಚ್ ತುಳಿದುಬಿಟ್ಟೆ. ಆಗ ಗೊತ್ತಾಯಿತು, ನಾವು ಕಾಲಿನಿಂದ ಬ್ರೇಕ್ ಒತ್ತುತ್ತೇವೆ ಅಂದುಕೊಂಡರೂ ಬಹುಪಾಲು ಬಲ ಕೊಡುವುದು ಎಂಜಿನ್ನೇ. ಎಂಜಿನ್ ತಿರುಗುವುದು ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲದ ಒತ್ತುವಿಕೆಗೆ ಮುಗಿಯುತ್ತದೆ. ಮೊದಲ ಸಲ ಬ್ರೇಕ್ ಹಿಡಿಯಿತು. ಎರಡನೆಯ ಸಲ ಅರ್ಧ. ಮೂರನೆಯ ಸಲ ಕಾಲಡಿಯಲ್ಲಿ ಪೆಡಲ್ ಇತ್ತೋ ಕಲ್ಲು ಇತ್ತೋ ಎನ್ನುವಂತಾಯಿತು. ಪವರ್ ಸ್ಟಿಯರಿಂಗ್ ಕೂಡ ಬಿಗಿದುಕೊಂಡಿತು. ಎದುರಿಗೆ ಮಂಗಳೂರಿನಿಂದ ಟ್ಯಾಂಕರುಗಳು ಹತ್ತಿ ಬರುತ್ತಿದ್ದವು. ಅಷ್ಟು ವರ್ಷದ ಕೆಲಸ ಕೈಗೆ ಬಂತು: ಎರಡನೆ ಗೇರಿಗೆ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟೆ. ಚಕ್ರಗಳೇ ಎಂಜಿನ್ ತಿರುಗಿಸಿದವು, ಓಟ ತಗ್ಗಿತು, ಬ್ರೇಕಿಗೂ ಸ್ವಲ್ಪ ಜೀವ ಬಂತು. ಎಡಕ್ಕೆ ಚರಂಡಿಯ ಅಂಚಿಗೆ ತಂದು ನಿಲ್ಲಿಸಿದಾಗ ಅಕ್ಕ ಏನೂ ಮಾತಾಡಲಿಲ್ಲ. ನನ್ನ ಭುಜ ಹಿಡಿದ ಅವಳ ಕೈ ಬಹಳ ಹೊತ್ತು ಬಿಡಲಿಲ್ಲ.

ಇದನ್ನು ನಿನ್ನ ಮನಸ್ಸಿನಲ್ಲಿ ಇಟ್ಟುಕೋ. ನಿನ್ನದೂ ಗೇರಿನ ಗಾಡಿಯೇ. ಎಂದಾದರೂ ಓಡುತ್ತಿರುವಾಗ ಎಂಜಿನ್ ಆರಿದರೆ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬೇಡ, ಒಂದೇ ಸಮ ಗಟ್ಟಿಯಾಗಿ ಒತ್ತಿಹಿಡಿ. ಹಜಾರ್ಡ್ ಲೈಟ್ ಹಾಕು. ನಿಲ್ಲುವವರೆಗೆ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಲೇಬೇಡ, ಸ್ಟಿಯರಿಂಗ್ ಲಾಕ್ ಆಗಿಬಿಡುತ್ತದೆ.

ಇನ್ನು ರೀಕಾಲ್ ಅಂದರೆ ಏನು ಅಂತ. ನಿನ್ನ ಅತ್ತೆ ಕೇಳಿದಳು, "ಕಾರನ್ನೇ ವಾಪಸ್ ತಗೊಂಡುಬಿಡ್ತಾರಾ?" ಇಲ್ಲ. ಒಂದು ಭಾಗ ತಪ್ಪಾಗಿ ತಯಾರಾಗಿದೆ, ಬನ್ನಿ, ನಮ್ಮ ಖರ್ಚಿನಲ್ಲಿ ನೋಡಿ ಸರಿಮಾಡಿಕೊಡುತ್ತೇವೆ ಅಂತ ತಯಾರಿಸಿದವರೇ ಕರೆಯುವುದು. ವಾರಂಟಿ ಮುಗಿದಿದ್ದರೂ ದುಡ್ಡು ಕೊಡಬೇಕಾಗಿಲ್ಲ. ನಿನ್ನ ಆಫೀಸಿನ ಗೆಳತಿಯದ್ದೂ ಅದೇ ಮಾಡೆಲ್, ಅವಳಿಗೆ ಯಾಕೆ ಮೆಸೇಜ್ ಬಂದಿಲ್ಲ ಅಂತ ಕೇಳಿದೆಯಲ್ಲ? ತಪ್ಪು ಆಗುವುದು ಮಾಡೆಲಿಗಲ್ಲ, ಕೆಲವು ದಿನಗಳ ತಯಾರಿಕೆಗೆ. 2020ರ ಜುಲೈನಲ್ಲಿ ಮಾರುತಿ ಸುಜುಕಿಯವರು ಫ್ಯೂಯೆಲ್ ಪಂಪಿಗಾಗಿಯೇ 1,34,885 ಕಾರುಗಳನ್ನು ಕರೆದರು. ಅದರಲ್ಲಿ ವ್ಯಾಗನ್ ಆರ್ 56,663, ಅದೂ 2018ರ ನವೆಂಬರ್ 15ರಿಂದ 2019ರ ಅಕ್ಟೋಬರ್ 15ರ ನಡುವೆ ತಯಾರಾದ ಒಂದು ಲೀಟರ್ ಎಂಜಿನ್ನಿನವು ಮಾತ್ರ. ಉಳಿದವು ಬಲೆನೊ. ಮಹೀಂದ್ರದವರು 2021ರ ಫೆಬ್ರವರಿಯಲ್ಲಿ ಕ್ಯಾಮ್‌ಶಾಫ್ಟ್ ದೋಷಕ್ಕೆ ಕರೆದದ್ದು 1,577 ಡೀಸೆಲ್ ಥಾರ್‌ಗಳನ್ನು ಅಷ್ಟೇ. ಬಿಡಿಭಾಗ ಮಾಡಿಕೊಡುವವರ ಕಾರ್ಖಾನೆಯಲ್ಲಿ ಒಂದು ಯಂತ್ರದ ಅಳತೆ ತಪ್ಪಿತ್ತು. ಹಾಗಾಗಿ ಪಕ್ಕದ ಮನೆಯವರ ಕಾರು ನೋಡಿ ನಿನ್ನದರ ವಿಷಯ ತೀರ್ಮಾನಿಸಬೇಡ. ಆರ್‌ಸಿಯಲ್ಲಿ ಚಾಸಿ ನಂಬರ್ ಅಂತ ಹದಿನೇಳು ಅಕ್ಷರ ಅಂಕಿ ಇರುತ್ತದಲ್ಲ, ಅದೊಂದೇ ಸಾಕ್ಷಿ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು, ಇಲ್ಲವೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಓದಿ ಹೇಳಬಹುದು.

ಮೆಸೇಜಿನಲ್ಲಿ ಬಂದ ಲಿಂಕನ್ನು ಒತ್ತಬೇಡ. ಒಟಿಪಿ ಕೇಳಿದರೆ, ಬುಕಿಂಗಿಗೆ ಇಷ್ಟು ಕಳಿಸಿ ಅಂದರೆ ಅದು ರೀಕಾಲ್ ಅಲ್ಲ.

ಆ ಹಳೇ ಓನರು ಒಳ್ಳೆಯವರು, ಮೆಸೇಜ್ ನಿನಗೆ ಕಳಿಸಿದರು. ಎಷ್ಟೋ ಜನ ಕಾರು ಮಾರಿದ ಮೇಲೆ ಅಂಥವನ್ನು ನೋಡುವುದೂ ಇಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಇದು ದೊಡ್ಡ ತೊಡಕು: ಆರ್‌ಟಿಒದಲ್ಲಿ ಹೆಸರು ಬದಲಾದರೂ ಕಂಪನಿಯ ಪುಸ್ತಕದಲ್ಲಿ ಮೊದಲಿನವರ ಹೆಸರು, ಮೊದಲಿನವರ ಮೊಬೈಲ್ ನಂಬರ್ ಹಾಗೇ ಉಳಿದಿರುತ್ತದೆ. ಕರೆ ಗಾಡಿಗೆ ಬರುತ್ತದೆ, ಆದರೆ ಗಾಡಿ ಈಗ ಯಾರ ಮನೆ ಮುಂದಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಸರ್ವಿಸ್ ಸೆಂಟರಿಗೆ ಹೋದ ಕೂಡಲೇ ನಿನ್ನ ಹೆಸರು, ವಿಳಾಸ, ನಂಬರ್ ಅಲ್ಲಿ ಬರೆಸು. ಹಿಂದೆ ಬೇರೇನಾದರೂ ರೀಕಾಲ್ ಬಾಕಿ ಇದೆಯಾ ಅಂತಲೂ ಅದೇ ಉಸಿರಿನಲ್ಲಿ ಕೇಳು. ಮುಂದೆ ನೀನು ಈ ಗಾಡಿ ಮಾರಿದರೂ ಕೊಂಡವರಿಗೆ ರೀಕಾಲ್ ಕೆಲಸದ ಕಾಗದ ಕೊಡುವುದನ್ನು ಮರೆಯಬೇಡ.

ಅಲ್ಲಿ ನಡೆದುಕೊಳ್ಳುವ ರೀತಿ ಹೇಳುತ್ತೇನೆ. ಸಿಟ್ಟು ಮಾಡಿಕೊಂಡು ಹೋಗಬೇಡ. ಕೌಂಟರಿನಲ್ಲಿ ಕೂತ ಹುಡುಗ ಆ ಪಂಪ್ ಮಾಡಿದವನಲ್ಲ. ಆದರೆ ಮೆತ್ತಗೂ ಆಗಬೇಡ. "ಪಾರ್ಟ್ ಬಂದಿಲ್ಲ ಮೇಡಂ, ಮುಂದಿನ ತಿಂಗಳು ಬನ್ನಿ" ಅನ್ನಬಹುದು. ಒಮ್ಮೆಗೇ ಲಕ್ಷ ಗಾಡಿ ಕರೆದಾಗ ಪಾರ್ಟ್ ಸಾಲದೆ ಹೋಗುವುದು ನಿಜ. ಆಗ ಒಂದು ಪ್ರಶ್ನೆ ಕೇಳು: "ಅಲ್ಲಿಯವರೆಗೆ ಈ ಗಾಡಿ ಓಡಿಸಬಹುದಾ? ಹೇಗೆ ಓಡಿಸಬೇಕು?" ಉತ್ತರವನ್ನು ಬರಹದಲ್ಲಿ ತಗೋ, ಒಂದು ಇಮೇಲ್ ಆದರೂ ಸಾಕು. ಈ ಪ್ರಶ್ನೆಗೆ ಬೆಲೆ ಇದೆ. 2021ರ ಸೆಪ್ಟೆಂಬರಿನಲ್ಲಿ ಮಾರುತಿಯವರು ಸಿಯಾಜ್, ಎರ್ಟಿಗಾ, ಬ್ರೆಜಾ ಮೊದಲಾದ 1,81,754 ಪೆಟ್ರೋಲ್ ಕಾರುಗಳನ್ನು ಮೋಟರ್ ಜನರೇಟರ್ ಯೂನಿಟ್ಟಿಗಾಗಿ ಕರೆದಾಗ ಪಾರ್ಟ್ ಬದಲಾವಣೆ ಶುರುವಾಗುವುದು ನವೆಂಬರಿನಲ್ಲಿ ಎಂದಿದ್ದರು. ಅಲ್ಲಿಯವರೆಗೆ ನೀರು ನಿಂತ ರಸ್ತೆಯಲ್ಲಿ ಓಡಿಸಬೇಡಿ, ಎಲೆಕ್ಟ್ರಿಕಲ್ ಭಾಗಗಳಿಗೆ ನೇರವಾಗಿ ನೀರು ಹಾಯಿಸಬೇಡಿ ಅಂತಲೂ ತಿಳಿಸಿದ್ದರು. ಮಳೆಗಾಲದ ಬೆಂಗಳೂರಿನಲ್ಲಿ ಇದನ್ನು ತಿಳಿದವನಿಗೂ ತಿಳಿಯದವನಿಗೂ ಎಷ್ಟು ವ್ಯತ್ಯಾಸ, ನೀನೇ ಯೋಚಿಸು.

ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಅಂತ ಬರೆದರೆ ಸಹಿ ಹಾಕಬೇಡ. ರೀಕಾಲ್ ಕೆಲಸ ಅಂತಲೇ ಬರೆಸು. ಇಂಜೆಕ್ಟರ್ ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್, ಮತ್ತೊಂದು ಅಂತ ಪಟ್ಟಿ ಹಿಡಿದರೆ, "ಇವತ್ತು ಇದೊಂದೇ" ಅನ್ನು. ಮಾಡಿಸಲೇಬೇಕಾದ್ದು ಇದ್ದರೆ ಅದಕ್ಕೆ ಬೇರೆ ಕಾರ್ಡು, ಬೇರೆ ಬಿಲ್ಲು. ಗಾಡಿ ತೆಗೆದುಕೊಳ್ಳುವಾಗ ಏನು ಬದಲಾಯಿತು, ಯಾವ ತಾರೀಕು, ಎಷ್ಟು ಕಿಲೋಮೀಟರಿಗೆ ಎಂಬ ಕಾಗದ ಕೈಗೆ ಬಾರದೆ ಹೊರಡಬೇಡ. ಈ ಕಾಗದಗಳನ್ನೂ ಆಯಿಲ್ ಬದಲಾಯಿಸಿದ ಬಿಲ್ಲುಗಳನ್ನೂ ಒಂದು ಫೈಲಿನಲ್ಲಿಡು. ನಾಳೆ ಎಂಜಿನ್ನಿಗೆ ಏನಾದರೂ ಆಗಿ ಜಗಳ ಬಂದರೆ, ನೀನು ಗಾಡಿಯನ್ನು ಸರಿಯಾಗಿ ನೋಡಿಕೊಂಡಿಲ್ಲ ಅಂತಲೇ ಅವರು ಮೊದಲು ಹೇಳುವುದು. ಆಗ ನಿನ್ನ ಬಾಯಿ ಆ ಫೈಲು.

ನಿನಗೊಂದು ಅನುಮಾನ ಇದೆ ಅಂತ ನಿನ್ನ ದನಿಯಲ್ಲೇ ಗೊತ್ತಾಯಿತು: ಕರೆಸಿಕೊಂಡ ಗಾಡಿ ಅಂದರೆ ಕೆಟ್ಟ ಗಾಡಿ, ಮೋಸ ಹೋದೆ ಅಂತ. ನನ್ನ ಅನುಭವದಲ್ಲಿ ಕರೆದವನಿಗಿಂತ ಕರೆಯದವನಿಗೆ ಹೆಚ್ಚು ಹೆದರಬೇಕು. ಅಮೆರಿಕದಲ್ಲಿ ಹ್ಯುಂಡೈ, ಕಿಯಾ ಕಾರುಗಳ ಥೀಟಾ 2 ಎಂಬ ಎಂಜಿನ್ನಿನ ಕಥೆ ಗೊತ್ತಿರಬೇಕು, ಅಲ್ಲಿರುವ ನಮ್ಮ ಹುಡುಗರಲ್ಲೂ ಎಷ್ಟೋ ಜನ ಅವನ್ನು ಓಡಿಸಿದವರೇ. ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡು, ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಆಯಿಲ್ ತಲುಪದೆ ಹೋಗುತ್ತಿತ್ತು. ಉಗುರಿನಷ್ಟು ತೆಳುವಾದ ಬೇರಿಂಗ್ ಒಣಗಿ ಸವೆದರೆ ಮೊದಲು ಟಕಟಕ ಸದ್ದು. ಆಗಲೂ ನಿಲ್ಲಿಸದಿದ್ದರೆ ಎಂಜಿನ್ ಬಿಗಿದು ನಿಲ್ಲುತ್ತದೆ, ಕೆಲವು ಸಲ ಬೆಂಕಿಯೂ ಹತ್ತುತ್ತದೆ. 2015ರಲ್ಲಿ ಸುಮಾರು 4,70,000 ಸೊನಾಟಾ ಕಾರುಗಳನ್ನು ಕರೆದರು. 2017ರಲ್ಲಿ ಎರಡೂ ಕಂಪನಿ ಸೇರಿ ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು. ಕರೆದದ್ದು ತಡವಾಯಿತು, ಹೇಳಿದ್ದು ಪೂರ್ತಿಯಲ್ಲ ಎಂಬ ಆರೋಪದ ಮೇಲೆ 2020ರ ನವೆಂಬರಿನಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಎರಡೂ ಕಂಪನಿಗಳೊಂದಿಗೆ ಒಟ್ಟು 21 ಕೋಟಿ ಡಾಲರಿನ ದಂಡದ ಒಪ್ಪಂದ ಮಾಡಿಕೊಂಡಿತು. ವಿಷಯ ಹೊರಗೆ ತಂದವನು ಕಂಪನಿಯ ಒಳಗೇ ಎಂಜಿನಿಯರ್ ಆಗಿದ್ದ ಕಿಮ್ ಗ್ವಾಂಗ್ ಹೊ. ನೌಕರಿ ಕಳೆದುಕೊಂಡ ಆತನಿಗೆ 2021ರಲ್ಲಿ ಅಮೆರಿಕ ಸರ್ಕಾರ 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚಿನ ಬಹುಮಾನ ಕೊಟ್ಟಿತು. ಆ ಮನುಷ್ಯನ ಬಗ್ಗೆ ಓದಿದ ದಿನ ನನಗೆ ಮನಸ್ಸು ತುಂಬಿಬಂದಿತ್ತು. ಎಷ್ಟೋ ಜನ ತಮ್ಮ ಮನೆ ತಲುಪಿದ್ದು ಅವನ ದೆಸೆಯಿಂದ.

ನಮ್ಮಲ್ಲೂ ಈಗ ಕಾನೂನಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಸೆಕ್ಷನ್ ಸೇರಿತು. 2021ರ ಏಪ್ರಿಲ್ 1ರಿಂದ ಏಳು ವರ್ಷದೊಳಗಿನ ವಾಹನಗಳಿಗೆ ಸರ್ಕಾರವೇ ರೀಕಾಲ್ ಆದೇಶ ಮಾಡಬಹುದು, ಕಂಪನಿಗೆ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಮಾಲೀಕರು ದೂರು ಕೊಡಲು ವಾಹನ್ ಪೋರ್ಟಲಿನಲ್ಲಿ ಜಾಗ ಇದೆ. ಸರ್ವಿಸ್ ಸೆಂಟರಿನವರು ಉದ್ದಕ್ಕೂ ಅಲೆಸಿದರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡು. ಒಬ್ಬೊಬ್ಬರ ದೂರು ಸೇರಿಯೇ ಲೆಕ್ಕ ಆಗುವುದು, ನಿನ್ನದೊಂದು ಯಾಕೆ ಅಂತ ಬಿಡಬೇಡ.

ಇಷ್ಟೇ ಬರೆಯಬೇಕೆಂದಿದ್ದೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಆ ಫೋನ್ ಮಾಡಿಬಿಡು, ಯಾವ ತಾರೀಕು ಕೊಟ್ಟರು ಅಂತ ನನಗೆ ತಿಳಿಸು. ಆರ್‌ಸಿಯ ಫೋಟೋ ಒಂದು ಕಳಿಸು, ಚಾಸಿ ನಂಬರ್ ನಾನೂ ಒಮ್ಮೆ ನೋಡುತ್ತೇನೆ. ಹಬ್ಬದೊಳಗೆ ಪಂಪ್ ಬದಲಾಗದಿದ್ದರೆ ಕಾರು ಅಲ್ಲೇ ಇರಲಿ. ರಾತ್ರಿ ಬಸ್ಸಿಗೆ ಬಾ, ಬೆಳಗಿನ ಜಾವ ಎಷ್ಟೇ ಹೊತ್ತಿಗೆ ಇಳಿದರೂ ಪುತ್ತೂರು ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ.

ನಿನ್ನ ಮಾವ